ಇಪ್ಪತ್ತೆರಡು ಕೈಗಳು

ಪ್ರದರ್ಶನದ ಮೊದಲ ದಿನ ಒಬ್ಬ ನಿವೃತ್ತ ಮೇಷ್ಟ್ರು ನನ್ನ ಮೇಜಿನ ಮುಂದೆ ಐದು ನಿಮಿಷ ನಿಂತು, "ಸಾಬೂನಿಂದ ಮಾಡಿದ್ದಾ?" ಎಂದು ಕೇಳಿದರು.

"ಅಲ್ಲ ಸರ್, ಪ್ಲಾಸ್ಟರ್."

"ಒಳ್ಳೇದು. ಇಲಿ ತಿನ್ನಲ್ಲ," ಎಂದು ಮುಂದೆ ಹೋದರು.

ನಾವು ಆರು ಜನ ಕಲಾವಿದರು, ಎಲ್ಲರೂ ಇಪ್ಪತ್ತೈದರ ಒಳಗಿನವರು. ಹಳೆಯ ಅಂಚೆ ಕಚೇರಿಯ ಮೇಲಿನ ಮಹಡಿಯನ್ನು ಹತ್ತು ದಿನಕ್ಕೆ ಬಿಟ್ಟುಕೊಟ್ಟಿದ್ದರು. ಗೋಡೆಯ ಸುಣ್ಣ ಮುಟ್ಟಿದರೆ ಕೈಗೆ ಬರುತ್ತಿತ್ತು. ನನ್ನ ಪಾಲಿಗೆ ಬಂದದ್ದು ಮೆಟ್ಟಿಲ ಪಕ್ಕದ ಕೋಣೆ. ಅದರಲ್ಲಿ ಒಂದು ಉದ್ದದ ಮೇಜು, ಮೇಜಿನ ಮೇಲೆ ಹನ್ನೊಂದು ಜೊತೆ ಕೈ. ಎಲ್ಲ ಅಪ್ಪ ಕೆಲಸ ಮಾಡುವ ಕಾರ್ಖಾನೆಯ ಪ್ರೆಸ್ ವಿಭಾಗದವರದು. ತಗಡನ್ನು ಒತ್ತಿ ಡಬ್ಬದ ಮುಚ್ಚಳ ಮಾಡುವ ಯಂತ್ರಗಳು ಅಲ್ಲಿವೆ. ಎಂಟು ತಿಂಗಳ ಹಿಂದೆ, ರಜೆಯ ದಿನಗಳಲ್ಲಿ, ಒಬ್ಬೊಬ್ಬರನ್ನೇ ಮನೆಗೆ ಕರೆಸಿ ಬಕೆಟ್ಟಿನಲ್ಲಿ ಅಚ್ಚಿನ ಹಿಟ್ಟು ಕಲಸಿ ಅವರ ಕೈ ಅದ್ದಿಸಿದ್ದೆ. "ಕೆಲಸದಲ್ಲಿ ಹೇಗಿರುತ್ತೋ ಹಾಗೇ ಇಟ್ಕೊಳ್ಳಿ," ಎಂದಷ್ಟೇ ಹೇಳಿದ್ದೆ. ಕೈಗಳ ಕೆಳಗೆ ಅಂಟಿಸಿದ ಚೀಟಿಯಲ್ಲಿ ಬರೆದೆ: "ಇಲ್ಲಿ ಯಾವುದೂ ಕಲ್ಪನೆಯಲ್ಲ. ಕೆಲಸದಲ್ಲಿ ಇದ್ದ ಹಾಗೇ ಇವೆ." ಆ ಎರಡು ವಾಕ್ಯದ ಬಗ್ಗೆ ನನಗೆ ಕೈಗಳಿಗಿಂತ ಹೆಚ್ಚು ಜಂಬವಿತ್ತು.

ಮೂರನೆಯ ಜೊತೆ ಗಡಿಯಾರ ಮಾವನದು. ಅವನು ಪಕ್ಕದ ಮನೆಯವನು, ಅಪ್ಪನ ಜೊತೆಗೇ ಕೆಲಸಕ್ಕೆ ಸೇರಿದವನು. ಯಾರು ಏನೇ ಕೇಳಿದರೂ ಮೊದಲು ಬಲಗೈ ಎತ್ತಿ ಗಡಿಯಾರ ನೋಡಿ, ಆಮೇಲೆ ಉತ್ತರ ಕೊಡುವನು. ಅದಕ್ಕೇ ಆ ಹೆಸರು. ಅಚ್ಚು ತೆಗೆದ ಎರಡು ತಿಂಗಳಿಗೆ ಪ್ರೆಸ್ ಅವನ ಎಡಗೈಯ ನಾಲ್ಕು ಬೆರಳು ತೆಗೆದುಕೊಂಡಿತು. ನನ್ನ ಮೇಜಿನ ಮೇಲೆ ಆ ಕೈಗೆ ಐದೂ ಬೆರಳಿದ್ದವು.

ಆ ಅಪಘಾತದ ವಿಚಾರಣೆ ಇನ್ನೂ ಮುಗಿದಿರಲಿಲ್ಲ. ತಪ್ಪು ಯಂತ್ರದ್ದು ಎಂದಾದರೆ ಮಾವನಿಗೆ ಗೇಟಿನಲ್ಲಿ ಕುಳಿತು ಮಾಡುವ ಕೆಲಸ ಸಿಗುತ್ತಿತ್ತು. ತಪ್ಪು ಅವನದೇ ಎಂದಾದರೆ ಮನೆಗೆ. ಉಳಿದ ಹತ್ತು ಜನವೂ ಯಂತ್ರದ್ದೇ ತಪ್ಪು ಎಂದು ಬರೆದುಕೊಟ್ಟಿದ್ದರು. ಅಪ್ಪನೂ ಒಬ್ಬ. ಕೊನೆಯ ವಿಚಾರಣೆ ಪ್ರದರ್ಶನದ ಎಂಟನೆಯ ದಿನ ಇತ್ತು. ನನಗೆ ಗೊತ್ತಿದ್ದುದು ಇಷ್ಟೇ. ಕಾರ್ಖಾನೆಯ ಮಾತನ್ನು ನಮ್ಮ ಮನೆಯ ಗಂಡಸರು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರುತ್ತಿದ್ದರು.

ಜನ ಬಂದರು. ಬಂದಷ್ಟೂ ಅಭಿಪ್ರಾಯ. ಒಬ್ಬ ಹುಡುಗಿ ಪ್ಲಾಸ್ಟರ್ ಕೈಗೆ ತನ್ನ ಕೈ ತಟ್ಟಿ ಗೆಳತಿಯಿಂದ ಫೋಟೊ ತೆಗೆಸಿಕೊಂಡಳು. ಗಂಡ ಹೆಂಡತಿ ಇಬ್ಬರು ಜಗಳವಾಡುತ್ತಲೇ ಒಳಗೆ ಬಂದರು.

"ಇದಕ್ಕಾ ನನ್ನ ನಿದ್ದೆ ಕೆಡಿಸಿ ಎಬ್ಬಿಸಿಕೊಂಡು ಬಂದೆ?"

"ನೀವು ಮನೇಲಿದ್ರೂ ಎರಡು ಕೈ ಹೀಗೇ ಬಿದ್ದಿರ್ತಿತ್ತಲ್ಲ. ನೋಡ್ಕೊಳ್ಳಿ."

ಅಭಿಪ್ರಾಯದ ಪುಸ್ತಕದಲ್ಲಿ "ಮನ ಮುಟ್ಟಿತು" ಎಂದು ಒಂಬತ್ತು ಜನ ಬರೆದರು. "ತಲೆಬುಡ ಅರ್ಥವಾಗಲಿಲ್ಲ" ಎಂದು ನಾಲ್ಕು ಜನ. "ಶೌಚಾಲಯ ಎಲ್ಲಿದೆ ಎಂದು ಬೋರ್ಡು ಹಾಕಿ" ಎಂದು ಒಬ್ಬರು. ಪಕ್ಕದ ಕೋಣೆಯವನು ಸುಟ್ಟ ಹಾಸಿಗೆಯನ್ನು ನೇತುಹಾಕಿದ್ದ. ಅದರ ವಾಸನೆ ನನ್ನದು ಎಂದುಕೊಂಡು ಇಬ್ಬರು ನನಗೇ ಬೈದು ಹೋದರು.

ಎರಡನೆಯ ದಿನ ಪತ್ರಿಕೆಯ ಕಲಾವಿಮರ್ಶಕರು ಬಂದರು. ಅಪ್ಪನ ಎಡಗೈಯ ಮುಂದೆ ನಿಂತರು. ಆ ಕೈ ಬೆರಳುದ್ದದ, ಒಂದು ತುದಿ ದಪ್ಪ, ಒಂದು ತುದಿ ತೆಳ್ಳಗಿದ್ದ ಒಂದು ತುಂಡನ್ನು ಹಿಡಿದಿತ್ತು. ಅಚ್ಚು ಹಾಕುವಾಗ ಅಪ್ಪ ಅಂಗಿಯ ಜೇಬಿನಿಂದ ತಾನೇ ತೆಗೆದು ಹಿಡಿದಿದ್ದ ಮರದ ಚೂರು ಅದು. ಏನೆಂದು ನಾನು ಕೇಳಿರಲಿಲ್ಲ. ನೋಡಲು ಚೆನ್ನಾಗಿತ್ತು, ಬಿಟ್ಟಿದ್ದೆ.

"ಇದು ತುತ್ತು," ಎಂದರು ವಿಮರ್ಶಕರು. "ದುಡಿಯುವವನು ತನ್ನ ತುತ್ತನ್ನು ಬಾಯಿಗಿಡಲಾಗದೆ ಹಿಡಿದೇ ಇದ್ದಾನೆ. ಅಲ್ಲವಾ?"

ನಾನು ತಲೆಯಾಡಿಸಿದೆ. ನಾಲ್ಕನೆಯ ದಿನ ಪತ್ರಿಕೆಯಲ್ಲಿ ಅಪ್ಪನ ಎಡಗೈ ಅರ್ಧ ಪುಟ ಬಂತು. "ಬಾಯಿಗೆ ಬರದ ತುತ್ತು" ಎಂಬ ಶೀರ್ಷಿಕೆ. ಅಮ್ಮ ಅದನ್ನು ಕತ್ತರಿಸಿ ಕನ್ನಡಿಯ ಅಂಚಿಗೆ ಸಿಕ್ಕಿಸಲು ಹೊರಟಳು. ಅಪ್ಪ ಎರಡು ಪಾಳಿ ಮಾಡಿ ಬಂದು ಮಲಗಿದ್ದ. ಏಳುವ ಹೊತ್ತಿಗೆ ಮತ್ತೆ ಹೊರಡುವ ಹೊತ್ತಾಗಿತ್ತು.

ಅಂದು ಮಧ್ಯಾಹ್ನ ಒಬ್ಬರು ಬಂದರು. ನೀಟಾಗಿ ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಉಳಿದ ಐದು ಕೋಣೆಗೆ ಹೋಗಲಿಲ್ಲ. ನೇರ ನನ್ನಲ್ಲಿಗೆ ಬಂದು ಚೀಟಿಯನ್ನು ಎರಡು ಸಲ ಓದಿದರು.

"ಇದು ಯಾರ ಕೈಯಮ್ಮ?"

"ನಮ್ಮಪ್ಪಂದು ಸರ್."

"ಕೈಯಲ್ಲಿರೋದು ಏನು?"

ನಾಲ್ಕು ದಿನದಲ್ಲಿ ಎಲ್ಲರೂ ಅದು ಏನೆಂದು ನನಗೆ ಹೇಳಿದ್ದರು. ಏನೆಂದು ಕೇಳಿದವರು ಇವರೊಬ್ಬರೇ. ನನಗೆ ಖುಷಿಯಾಯಿತು. "ಮರದ ಚೂರು ಸರ್. ಕೆಲಸದಲ್ಲಿ ಹೇಗಿರುತ್ತೋ ಹಾಗೆ ಹಿಡಿ ಅಂದೆ. ಜೇಬಿಂದ ಅದನ್ನೇ ತೆಗೆದು ಹಿಡಿದ್ರು. ದಿನಾ ಮೊದಲು ಹಿಡಿಯೋದೇ ಅದಂತೆ."

"ಅವರೇ ಹೇಳಿದ್ರಾ?"

"ಹೂಂ, ನಗ್ತಾ ಹೇಳಿದ್ರು."

ಅವರು ಕೈಯ ಫೋಟೊ ತೆಗೆದರು, ಚೀಟಿಯ ಫೋಟೊ ತೆಗೆದರು. ಹೋಗುವ ಮುಂಚೆ ಪುಸ್ತಕದಲ್ಲಿ "ಅತ್ಯಂತ ನೈಜವಾಗಿದೆ" ಎಂದು ಬರೆದು ಸಹಿ ಮಾಡಿದರು. ಅದನ್ನು ನಾನು ಮೂರು ಸಲ ಓದಿದೆ.

ಮಾರನೆಯ ದಿನ ಅಪ್ಪನಿಗೆ ರಜೆ. ಒಳ್ಳೆಯ ಅಂಗಿ ಹಾಕಿಕೊಂಡು ಅಮ್ಮನ ಜೊತೆ ಬಂದ. ಮೇಜಿನುದ್ದಕ್ಕೂ ಒಂದೊಂದೇ ಕೈಯ ಗುರುತು ಹಿಡಿಯುತ್ತ ನಡೆದ. "ಇದು ಕುಂಟನದು. ಇದು ನೋಡು, ಉಗುರು ಕಚ್ಚೋ ಬಡ್ಡೀಮಗ." ಗಡಿಯಾರ ಮಾವನ ಕೈಯನ್ನು ನೋಡದೆ ದಾಟಿದ. ತನ್ನ ಕೈಯ ಹತ್ತಿರ ಬಂದು ನಿಂತವನು ಅಲ್ಲಿಂದ ಅಲುಗಲಿಲ್ಲ.

"ಇದನ್ನ ಯಾರ್ಯಾರು ನೋಡಿದಾರೆ?"

"ಎಲ್ಲರೂ ನೋಡಿದಾರೆ. ಪೇಪರಲ್ಲೂ ಬಂದಿದೆ," ಎಂದಳು ಅಮ್ಮ, ಹೆಮ್ಮೆಯಿಂದ.

ಅಪ್ಪ ಅಭಿಪ್ರಾಯದ ಪುಸ್ತಕ ತೆಗೆದು ಹಾಳೆ ತಿರುವಿದ. ಒಂದು ಕಡೆ ಬೆರಳಿಟ್ಟ. "ಈ ಸಹಿ ನಮ್ಮ ನೋಟಿಸ್ ಬೋರ್ಡಲ್ಲಿ ದಿನಾ ನೋಡ್ತೀನಿ. ನಮ್ಮ ಸಿಬ್ಬಂದಿ ಅಧಿಕಾರೀದು. ಏನು ಕೇಳಿದ?"

ಹೇಳಿದೆ. ಅಪ್ಪ ನನ್ನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, ಬೇರೆಯವರಿಗೆ ಕೇಳಿಸದ ಹಾಗೆ ಮಾತಾಡಿದ. ಪ್ರೆಸ್ಸಿಗೆ ಎರಡು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿದರೇ ಅದು ಕೆಳಗೆ ಇಳಿಯುತ್ತದೆ. ಎರಡು ಕೈ ಗುಂಡಿಯ ಮೇಲಿದ್ದರೆ ಯಾವ ಕೈಯೂ ಯಂತ್ರದ ಬಾಯಲ್ಲಿರುವುದಿಲ್ಲ. ಆದರೆ ಹಾಗೆ ಮಾಡಿದರೆ ಪಾಳಿಗೆ ಹೇಳಿದಷ್ಟು ಮುಚ್ಚಳ ಆಗುವುದಿಲ್ಲ. ಅದಕ್ಕೆ ಎಡಗಡೆಯ ಗುಂಡಿಯನ್ನು ಒತ್ತಿ ಸಂದಿಗೆ ಅಪ್ಪನ ಕೈಯಲ್ಲಿದ್ದಂಥ ಮರದ ಬೆಣೆ ಹೊಡೆಯುತ್ತಾರೆ. ಆಮೇಲೆ ಬಲಗೈ ಒಂದೇ ಒತ್ತುತ್ತದೆ, ಎಡಗೈ ತಗಡು ಇಡುತ್ತದೆ.

"ಬೆಣೆ ಹೊಡೀಬಾರದು ಅಂತ ಗೋಡೇಲಿ ಬೋರ್ಡಿದೆ. ಬೋರ್ಡಿನ ಕೆಳಗೇ ನಿಂತು ಮೇಲ್ವಿಚಾರಕ ದಿನಾ ಬೆಳಿಗ್ಗೆ ತಗಡಿನ ಡಬ್ಬಿಯಿಂದ ಬೆಣೆ ಹಂಚ್ತಾನೆ. ಬೆರಳು ಹೋದ ದಿನ ನಿಮ್ಮ ಗಡಿಯಾರ ಮಾವನಿಗೂ ಕೊಟ್ಟಿದ್ದ. ನಾವು ಹತ್ತೂ ಜನ ಏನಂತ ಬರ್ಕೊಟ್ಟಿದೀವಿ ಗೊತ್ತಾ? ಬೆಣೆ ಅನ್ನೋದನ್ನ ಕಂಡೇ ಇಲ್ಲ, ಯಂತ್ರ ತಾನಾಗೇ ಇಳೀತು ಅಂತ."

"ಮತ್ತೆ ಯಾಕೆ ಹಿಡಿದೆ ಅದನ್ನ?"

"ಕೆಲಸದಲ್ಲಿದ್ದ ಹಾಗೆ ಅಂದೆಯಲ್ಲೇ. ಕೈ ತಾನಾಗೇ ಜೇಬಿಗೆ ಹೋಯ್ತು. ಆಗಿನ್ನೂ ಅವನ ಬೆರಳಿತ್ತು. ಯಾರಿಗೆ ನೆನಪಿರುತ್ತೆ ಅದೆಲ್ಲ?"

ನಾನು ಮೇಜಿನ ಹತ್ತಿರ ಹೋಗಿ ಆ ಕೈಯನ್ನು ಎತ್ತಿಕೊಂಡೆ. ನೆಲಕ್ಕೆ ಬಿಟ್ಟರೆ ಸಾಕು, ಪುಡಿಯಾಗುತ್ತಿತ್ತು. ಅಪ್ಪ ಅದನ್ನು ಕಿತ್ತುಕೊಂಡು ಇದ್ದಲ್ಲೇ ಇಟ್ಟ.

"ಈಗ ಒಡೆದ್ರೆ ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಗುತ್ತೆ. ಫೋಟೊ ಅವನ ಹತ್ರ ಇದೆ."

ಹಿಂದೆ ನಿಂತಿದ್ದ ಹೆಂಗಸೊಬ್ಬಳು ಅಪ್ಪನ ಕೈಯನ್ನೂ ಪ್ಲಾಸ್ಟರನ್ನೂ ನೋಡಿ, "ಅಯ್ಯೋ, ಇವರೇನಾ? ಒಂದು ಫೋಟೊ ಸಾರ್, ಅದರ ಪಕ್ಕ ಕೈ ಇಡಿ," ಎಂದಳು. ಅಪ್ಪ ಕೈಯನ್ನು ಜೇಬಿಗೆ ಹಾಕಿಕೊಂಡ.

ಎಂಟನೆಯ ದಿನ ನನ್ನನ್ನೂ ಕರೆಸಿದರು. ಕಾರ್ಖಾನೆಯ ಕಚೇರಿಯಲ್ಲಿ ಒಂದು ಸಣ್ಣ ಕೋಣೆ, ಸದ್ದು ಮಾಡುವ ಫ್ಯಾನು. ನಡುವೆ ಕಂಪನಿ ನೇಮಿಸಿದ ಮುದಿ ವಕೀಲರು, ಪಕ್ಕದಲ್ಲಿ ಸಿಬ್ಬಂದಿ ಅಧಿಕಾರಿ. ಗಡಿಯಾರ ಮಾವ ಗೋಡೆಗೆ ಒರಗಿಕೊಂಡಿದ್ದ, ಎಡಗೈ ಟವೆಲಿನೊಳಗೆ.

ಮೇಜಿನ ಮೇಲೆ ಫೋಟೊಗಳಿದ್ದವು. ಅಪ್ಪನ ಕೈಯಲ್ಲಿರುವುದು ಏನೆಂದು ವಕೀಲರು ಕೇಳಿದರು.

"ಕಲ್ಪನೆ ಸರ್," ಎಂದೆ. "ಅಂದಕ್ಕೆ ಸೇರಿಸಿದ್ದು. ತುತ್ತು."

ಸಿಬ್ಬಂದಿ ಅಧಿಕಾರಿ ನನ್ನ ಚೀಟಿಯನ್ನು ಗಟ್ಟಿಯಾಗಿ ಓದಿದರು. "ಇಲ್ಲಿ ಯಾವುದೂ ಕಲ್ಪನೆಯಲ್ಲ." ಆಮೇಲೆ ನಾನು ಅವರಿಗೆ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದರು. ಅವರ ಮಾತಿನಲ್ಲಿ ಕೋಪವೇ ಇರಲಿಲ್ಲ.

ಅಪ್ಪ ಎದ್ದು ನಿಂತ. "ಹೌದು, ಬೆಣೆ ಹೊಡೀತೀವಿ. ಎಲ್ಲರೂ ಹೊಡೀತೀವಿ. ಆದ್ರೆ ಕೊಡೋದು ಮೇಲ್ವಿಚಾರಕರು. ಡಬ್ಬಿ ತರಿಸಿ ನೋಡಿ."

"ಡಬ್ಬಿ ಇಲ್ಲ ಅಂತಿದಾರೆ. ಮೊದಲು ಬೆಣೆನೇ ಕಂಡಿಲ್ಲ ಅಂತ ಬರ್ಕೊಟ್ಟಿದ್ದು ನೀನೇ," ಎಂದರು ವಕೀಲರು.

ಅಧಿಕಾರಿ ನನ್ನ ಕಡೆ ತಿರುಗಿದರು. "ಮೇಲ್ವಿಚಾರಕರ ಕೈ ಏನಾದ್ರೂ ಅಚ್ಚು ಹಾಕಿದೀಯೇನಮ್ಮ?"

ಹಾಕಿರಲಿಲ್ಲ. ಅವನನ್ನು ಕರೆಯಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ಅವನು ಕೈಯಿಂದ ಕೆಲಸ ಮಾಡುವವನಲ್ಲ.

ತಪ್ಪು ಮಾವನದೇ ಎಂದಾಯಿತು. ನಿಯಮ ಮುರಿದದ್ದಕ್ಕೆ ಅವನನ್ನು ಮನೆಗೆ ಕಳಿಸಿದರು. ಸುಳ್ಳು ಬರೆದುಕೊಟ್ಟದ್ದಕ್ಕೆ ಅಪ್ಪನನ್ನೂ ಉಳಿದ ಒಂಬತ್ತು ಜನರನ್ನೂ ತಿಂಗಳ ಮಟ್ಟಿಗೆ ಹೊರಗಿಟ್ಟರು. ಆ ಒಂಬತ್ತು ಜನ ನಮ್ಮ ಮನೆಯ ಮುಂದೆ ಹೋಗುವುದನ್ನು ಬಿಟ್ಟು ಹಿಂದಿನ ರಸ್ತೆ ಹಿಡಿದರು.

ಪತ್ರಿಕೆಯಿಂದಾಗಿ ಕೊನೆಯ ದಿನ ಸಾಲು ಮೆಟ್ಟಿಲಿನವರೆಗೂ ಇತ್ತು. ಸಂಜೆ, ಜನ ಕರಗಿದ ಮೇಲೆ, ಗಡಿಯಾರ ಮಾವ ಬಂದ. ನಾನು ಎದ್ದು ನಿಂತೆ. ಅವನು ಮೂರನೆಯ ಜೊತೆಯ ಹತ್ತಿರ ಹೋಗಿ ಬಾಗಿ ನೋಡಿದ.

"ಕಿರುಬೆರಳು ಸೊಟ್ಟ ಇದೆಯಲ್ಲೇ."

"ಹಾಗೇ ಇತ್ತು ಮಾವ."

"ಇತ್ತಾ? ನಾನು ಯಾವತ್ತೂ ನೋಡ್ಕೊಂಡಿರಲಿಲ್ಲ."

"ತಗೊಂಡು ಹೋಗ್ತೀಯಾ? ಕಟ್ಟಿಕೊಡ್ತೀನಿ."

"ಏನು ಮಾಡ್ಲಿ ಅದನ್ನ? ಮನೇಲಿ ಇಟ್ರೆ ನಿಮ್ಮತ್ತೆ ದಿನಾ ಧೂಳು ಒರೆಸಬೇಕು." ಮೇಜನ್ನು ಇನ್ನೊಮ್ಮೆ ಕೊನೆಯವರೆಗೂ ನೋಡಿದ. ಅಪ್ಪನ ಎಡಗೈಯ ಮುಂದೆ ನಿಂತದ್ದು ಬೇರೆಯದರ ಮುಂದೆ ನಿಂತಷ್ಟೇ ಹೊತ್ತು. "ಚೆನ್ನಾಗಿ ಮಾಡಿದೀಯ. ಎಲ್ಲ ಇದ್ದ ಹಾಗೇ ಇದೆ."

ಬಾಗಿಲ ಬಳಿ ಅಭಿಪ್ರಾಯದ ಪುಸ್ತಕ ಕಂಡು ನಿಂತ. ಅಭ್ಯಾಸದಂತೆ ಬಲ ಮಣಿಕಟ್ಟನ್ನು ಎತ್ತಿದ. ಅಲ್ಲಿ ಗಡಿಯಾರ ಕಟ್ಟುತ್ತಿದ್ದ ಜಾಗದ ಬಿಳಿಯ ಗುರುತು ಮಾತ್ರ ಇತ್ತು. ಗಡಿಯಾರದ ಬಕಲು ಹಾಕಲು ಎಡಗೈಯ ಬೆರಳು ಬೇಕು. ಜೇಬಿನಿಂದ ಗಡಿಯಾರ ತೆಗೆದು ನೋಡಿ, ಅದನ್ನು ಪುಸ್ತಕದ ಮೇಲೆ ಭಾರಕ್ಕಿಟ್ಟು, ಪೆನ್ನು ಹಿಡಿದ.

ಅವನು ಹೋದ ಮೇಲೆ ನೋಡಿದೆ. ಅಭಿಪ್ರಾಯದ ಜಾಗದಲ್ಲಿ "ಐದು ಗಂಟೆ ಹತ್ತು ನಿಮಿಷ" ಎಂದಷ್ಟೇ ಇತ್ತು.