ಇನ್ನೊಂದು ವಾರ

ಟ್ರಂಕಿನ ಬೀಗ ತುಕ್ಕು ಹಿಡಿದಿತ್ತು. ಉಗ್ರಾಣದ ಸಿಸ್ಟರ್ ಅದರೊಳಗೆ ಎರಡು ಹನಿ ಎಣ್ಣೆ ಬಿಟ್ಟು ಕೀಲಿಯನ್ನು ಮತ್ತೆ ತಿರುಗಿಸಿದರು. ದೇವರೇ, ಇದು ತೆರೆಯದೆ ಇರಲಿ ಎಂದು ಒಳಗೊಳಗೇ ಬೇಡಿಕೊಂಡರು. ನಲವತ್ತೆಂಟು ವರ್ಷ ಕಾನ್ವೆಂಟಿನಲ್ಲಿ ಬಾಳಿದವರು ಮಾಡುವಂಥ ಪ್ರಾರ್ಥನೆಯಲ್ಲ ಅದು.

"ಆಗ್ತಾ ಇಲ್ವಾ ಸಿಸ್ಟರ್?" ಹಿಂದೆ ಏಣಿ ಹಿಡಿದು ನಿಂತಿದ್ದ ಹೆಂಗಸು ಕೇಳಿದಳು. ಕಾನ್ವೆಂಟಿನ ಬಟ್ಟೆಯನ್ನೆಲ್ಲ ಒಗೆದು ಇಸ್ತ್ರಿ ಮಾಡುತ್ತಿದ್ದ, ನಿನ್ನೆ ತೀರಿಕೊಂಡ ಇಸ್ತ್ರಿ ಸಿಸ್ಟರ್‌ಗೆ ಈಕೆ ಒಬ್ಬಳೇ ತಂಗಿ.

"ಹಳೇ ಬೀಗ ನೋಡಿ. ಪೂಜೆ ಮುಗೀಲಿ, ಆಮೇಲೆ ನೋಡೋಣ."

"ಆಮೇಲೆ ಮಣ್ಣಿಗಿಟ್ಟುಬಿಡ್ತಾರಲ್ಲ! ನಮ್ಮಮ್ಮ ಹೊಲಿದ ಕೋಟು ಅದು. ನೀಲಿ ಉಣ್ಣೇದು. ಮೊದಲ ಸಲ ನೋಡೋಕೆ ಬಂದಾಗಲೇ ಅಕ್ಕ ಹೇಳಿದ್ಲು, ಟ್ರಂಕಲ್ಲಿ ಜೋಪಾನವಾಗಿದೆ ಅಂತ. ಅಮ್ಮನ ಕೈಕೆಲಸ ಅವಳ ಜೊತೆ ಹೋಗ್ಲಿ ಅಂತ ಆಸೆ. ಮದರ್ ಕೂಡ ಹೂಂ ಅಂದಿದ್ದಾರೆ."

ಉಗ್ರಾಣದ ಸಿಸ್ಟರ್ ಮುಖ ತಿರುಗಿಸಿದರು. ಸ್ವಲ್ಪ ಹೊತ್ತಿನ ಹಿಂದೆ ಅಟ್ಟದಿಂದ ಆ ಟ್ರಂಕನ್ನು ಇಳಿಸುವಾಗ, ಭಾರವಿದೆ ಎಂಬಂತೆ ಏದುಸಿರು ಬಿಟ್ಟಿದ್ದರು. ಅರವತ್ತೆಂಟರ ವಯಸ್ಸಿನಲ್ಲಿ ಇದೊಂದು ನಾಟಕ ಬೇರೆ.

*

ಕಾನ್ವೆಂಟಿನಲ್ಲಿ ಒಂದು ಪದ್ಧತಿಯಿತ್ತು. ಹೊಸಬಳು ಮನೆಯಿಂದ ತೊಟ್ಟು ಬಂದ ಬಟ್ಟೆಯನ್ನು ಅವಳ ಟ್ರಂಕಿನಲ್ಲೇ ಇಟ್ಟು ಬೀಗ ಹಾಕುತ್ತಿದ್ದರು. ಮನಸ್ಸು ಬದಲಾದರೆ ಅದನ್ನೇ ತೊಟ್ಟು ಹೊರಡಬಹುದು. ಬಾಳೆಲ್ಲ ಇಲ್ಲೇ ಎಂಬ ಕೊನೆಯ ವ್ರತ ಮುಗಿದ ದಿನ ಆ ಬಟ್ಟೆ ಬಡವರ ಪಾಲು. ಕೀಲಿಗೊಂಚಲು ಮಾತ್ರ ಸದಾ ಉಗ್ರಾಣದ ಸಿಸ್ಟರ್ ಸೊಂಟದಲ್ಲಿ.

ಮೂವತ್ತಾರು ವರ್ಷದ ಹಿಂದೆ, ಕೊನೆಯ ವ್ರತ ತೆಗೆದುಕೊಂಡ ಸಂಜೆ, ಇಸ್ತ್ರಿ ಸಿಸ್ಟರ್ ಉಗ್ರಾಣದ ಬಾಗಿಲಲ್ಲಿ ಬಂದು ನಿಂತಿದ್ದರು.

"ನನ್ನ ಕೋಟು ಕೊಟ್ಟುಬಿಡಬೇಡಿ ಸಿಸ್ಟರ್. ದೇವರು ಕರೆದದ್ದು ನನ್ನನ್ನೋ, ಪಕ್ಕದಲ್ಲಿ ನಿಂತಿದ್ದವಳನ್ನೋ, ಇನ್ನೂ ಗೊತ್ತಾಗ್ತಿಲ್ಲ. ಅದು ಅಲ್ಲಿದೆ ಅಂದ್ರೆ ನಾನು ಇಲ್ಲಿರ್ತೀನಿ."

ಉಗ್ರಾಣದ ಸಿಸ್ಟರ್ ಆಗಲಿ ಎಂದರು. ಆದರೆ ಆಗಿನ ಅವರ ಬಿಗುಮಾನವೇ ಬೇರೆ. ಅನುಮಾನವೆಂದರೆ ಅವರಿಗೆ ಅಂಟುಜಾಡ್ಯ. ಎರಡು ದೋಣಿಯಲ್ಲಿ ಕಾಲಿಟ್ಟವಳು ಎಂದು ಮನಸ್ಸಿನಲ್ಲೇ ಮೂಗು ಮುರಿದರು. ತಿಂಗಳಾಗುವಷ್ಟರಲ್ಲಿ, ಕೊರೆಯುವ ಚಳಿಯ ಒಂದು ಬೆಳಗ್ಗೆ, ಗೇಟಿನ ಬಳಿ ತುಂಬು ಬಸುರಿಯೊಬ್ಬಳು ಬಂದು ನಿಂತಳು. ಉಗ್ರಾಣದಲ್ಲಿ ಕಂಬಳಿಗಳಿದ್ದವು. ಆದರೂ ಅವರು ಟ್ರಂಕಿನ ಬೀಗ ತೆಗೆದು ನೀಲಿ ಕೋಟನ್ನೇ ಕೊಟ್ಟರು. ಹೋಗುವ ದಾರಿ ಮುಚ್ಚಿದರೆ ಆ ಇಸ್ತ್ರಿಯವಳ ಮನಸ್ಸು ತಾನೇ ನಿಲ್ಲುತ್ತದೆ, ಮುಂದೊಂದು ದಿನ ನನಗೇ ಕೈ ಮುಗಿಯುತ್ತಾಳೆ ಎಂದುಕೊಂಡರು.

ಶನಿವಾರ ಒಗೆದ ಬಟ್ಟೆ ಒಪ್ಪಿಸಲು ಇಸ್ತ್ರಿ ಸಿಸ್ಟರ್ ಬಂದರು. "ನನ್ನ ಕೋಟು ಇದೆಯಾ?"

ಹೇಳಿಬಿಡಬೇಕು ಎಂದೇ ಉಗ್ರಾಣದ ಸಿಸ್ಟರ್ ಬಾಯಿ ತೆರೆದರು. ಬಂದ ಮಾತು, "ಇದೆ. ಅದಕ್ಕೇನು ಕಾಲು ಬಂದಿದೆಯಾ?"

"ಹಾಗಾದ್ರೆ ಇನ್ನೊಂದು ವಾರ ನೋಡ್ತೀನಿ."

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಬೇಕು ಎನ್ನುತ್ತಾರೆ. ಇವರು ಒಂದೇ ಸುಳ್ಳನ್ನು ಪ್ರತಿ ಶನಿವಾರ ಹೇಳಿದರು. ಮೊನ್ನೆ ಮೊನ್ನೆ, ಹಾಸಿಗೆ ಹಿಡಿದಾಗಲೂ ಆಕೆ ಅದನ್ನೇ ಕೇಳಿದರು, ಇವರು ಅದನ್ನೇ ಹೇಳಿದರು. "ಹಾಗಾದ್ರೆ ಇನ್ನೊಂದು ವಾರ," ಎಂದು ಆಕೆ ನಕ್ಕಿದ್ದರು.

*

ಬೀಗ ಕಟಕ್ಕೆಂದಿತು. ಅಷ್ಟರಲ್ಲಿ ಅಡುಗೆಯಾಕೆ ಬಾಗಿಲಲ್ಲಿ ಇಣುಕಿದಳು.

"ಇನ್ನೇನು ಗಂಟೆ ಹೊಡೀತಾರೆ, ಮದರ್ ಕರೀತಿದ್ದಾರೆ. ಅಯ್ಯೋ, ಈ ಟ್ರಂಕನ್ನ ನೀವೇ ಇಳಿಸಿದ್ರಾ? ನನ್ನ ಕರೀಬಾರದಿತ್ತಾ?" ಎಂದವಳು ತಂಗಿಯ ಕಡೆ ತಿರುಗಿದಳು. "ವರ್ಷಾ ವರ್ಷಾ ಸುಣ್ಣ ಬಳಿಯೋವಾಗ ನಿಮ್ಮಕ್ಕ ಇದನ್ನ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ ಕಣಮ್ಮ. ಅವರೇ ಇಳಿಸಿ, ಅವರೇ ಏರಿಸೋರು. 'ನನ್ನದು ಭಾರ, ನಿನ್ನ ಸೊಂಟ ಹಿಡ್ಕೊಳ್ಳುತ್ತೆ' ಅಂತಿದ್ರು."

ಸುಣ್ಣದ ಧೂಳಿಗೆ ಉಬ್ಬಸ ಬರುತ್ತದೆಂದು ಉಗ್ರಾಣದ ಸಿಸ್ಟರ್ ಆ ಎರಡು ದಿನ ಇತ್ತ ಸುಳಿಯುತ್ತಲೇ ಇರಲಿಲ್ಲ.

"ಎಷ್ಟು ವರ್ಷದಿಂದ?" ಎಂದರು.

"ನಾನು ಸೇರಿದಾಗಿನಿಂದ. ಇಪ್ಪತ್ತೊಂದು ವರ್ಷ ಆಯ್ತಲ್ಲ."

ನೆನೆದ ಹಾಸಿಗೆ ಬಟ್ಟೆಗಳನ್ನು ಜನ್ಮವಿಡೀ ಹೊತ್ತ ತೋಳುಗಳಿಗೆ ಖಾಲಿ ಟ್ರಂಕಿನ ತೂಕ ತಿಳಿಯದೇ? ತಿಳಿದಿತ್ತು. ತಿಳಿದೂ ಪ್ರತಿ ಶನಿವಾರ ಕೇಳಿದರು, ತಿಳಿದೂ ಇನ್ನೊಂದು ವಾರ ಉಳಿದರು. ಇವರ ಮಾನ ಹೋಗಬಾರದೆಂದು ಅಡುಗೆಯಾಕೆಯ ಮುಂದೆ ತಾವೂ ಒಂದು ಸುಳ್ಳು ಹೇಳಿದರು. ಉಗ್ರಾಣದ ಸಿಸ್ಟರ್‌ಗೆ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು.

ಅವರು ಮುಚ್ಚಳ ಎತ್ತಿದರು. ತಳದಲ್ಲಿ ಹಳದಿಯಾದ ಹಳೇ ಪತ್ರಿಕೆಯ ಹಾಳೆ, ಮತ್ತೇನೂ ಇಲ್ಲ.

"ಕೋಟು ಇಲ್ಲಮ್ಮ. ಮೂವತ್ತಾರು ವರ್ಷದ ಹಿಂದೆ ನಾನೇ ಕೊಟ್ಟುಬಿಟ್ಟೆ. ಇಟ್ಕೋತೀನಿ ಅಂತ ಮಾತು ಕೊಟ್ಟಿದ್ದೆ. ಇದೆ ಇದೆ ಅಂತ ಕೊನೇವರೆಗೂ ಸುಳ್ಳು ಹೇಳ್ದೆ."

ತಂಗಿ ಬಗ್ಗಿ ಆ ಹಾಳೆಯನ್ನೂ ಎತ್ತಿ ನೋಡಿದಳು. "ಅಕ್ಕನಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಗೊತ್ತಿತ್ತು ಅನ್ನೋದು ನನಗೆ ಈಗ ಗೊತ್ತಾಯ್ತು."

ತಂಗಿ ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲಿಳಿದು ಹೋದಳು. ಕೆಳಗೆ ಗಂಟೆ ಹೊಡೆಯತೊಡಗಿತು.

ಉಗ್ರಾಣದ ಸಿಸ್ಟರ್ ಟ್ರಂಕನ್ನು ಎರಡೂ ಕೈಯಲ್ಲಿ ಎತ್ತಿ ಎದೆಗವಚಿಕೊಂಡರು.

"ಕೊಡಿ ಸಿಸ್ಟರ್, ನಾನು ತರ್ತೀನಿ," ಅಡುಗೆಯಾಕೆ ಕೈ ಚಾಚಿದಳು.

"ಬೇಡಮ್ಮ. ಭಾರ ಇದೆ."

ಒಂದೊಂದೇ ಮೆಟ್ಟಿಲಿಳಿದು, ಪ್ರಾರ್ಥನಾಲಯದಲ್ಲಿ ಎದ್ದು ನಿಂತಿದ್ದ ಸಿಸ್ಟರ್‌ಗಳ ಸಾಲಿನ ನಡುವೆ ನಡೆದು, ಟ್ರಂಕನ್ನು ಶವಪೆಟ್ಟಿಗೆಯ ಪಕ್ಕ ಇಳಿಸಿದರು. ಆಮೇಲೆ, ಮದರ್ ನೋಡುತ್ತಿದ್ದಂತೆಯೇ, ಎಲ್ಲರಿಗೂ ಕಾಣುವ ಹಾಗೆ ಅದರ ಮುಚ್ಚಳವನ್ನು ಪೂರ್ತಿ ತೆರೆದಿಟ್ಟರು.