ಹಳಿಯ ಕೆನ್ನೆಗೆ ಮುಲಾಮು

ರೈಲುಹಳಿ ಏರು ಹತ್ತುವ ಆ ತಿರುವಿನಲ್ಲಿ ಗೂಡ್ಸ್ ಗಾಡಿ ತಿರುಗುವಾಗ ಏಳುವ ಕಿರುಚಾಟಕ್ಕೆ ಎದುರು ಬೀದಿಯ ಹಾಲು ಒಡೆಯುತ್ತಿತ್ತು, ಕಿವುಡರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಗಾಲಿಯ ಅಂಚು ಹೊರಹಳಿಯ ಒಳಕೆನ್ನೆಯನ್ನು ಉಜ್ಜಿ ಉಜ್ಜಿ, ಹತ್ತು ವರ್ಷ ಬಾಳಬೇಕಾದ ಹಳಿ ವರ್ಷಕ್ಕೇ ಮುದುಕನ ಹಲ್ಲಿನಂತೆ ಸವೆದುಹೋಗುತ್ತಿತ್ತು. ಅದಕ್ಕೆ ಮದ್ದು ಅರೆದವಳು ರೈಲ್ವೆ ಕಾರ್ಖಾನೆಯ ಎಣ್ಣೆಕೋಣೆಯ ಸಹಾಯಕಿ. ಎಲ್ಲರ ಬಾಯಲ್ಲೂ ಅವಳು ಜಿಡ್ಡಕ್ಕ.

ಕ್ಯಾಂಟೀನಿನಲ್ಲಿ ಕರಿದು ಕರಿದು ಕಪ್ಪಾದ ಎಣ್ಣೆ, ಸುಣ್ಣ, ಹಳೆಯ ಮೋಟಾರುಗಳ ಇಂಗಾಲದ ತುಂಡುಗಳ ಪುಡಿ, ಮೂರನ್ನೂ ಕಾಯಿಸಿ ಕಲಸಿದಳು. ನಲವತ್ತು ಡಬ್ಬ ಹಾಳಾದವು. ಒಂದು ಬಿಸಿಲಿಗೆ ನೀರಾಯಿತು, ಒಂದು ಚಳಿಗೆ ಕಲ್ಲಾಯಿತು, ಇನ್ನೊಂದು ಸೌಟನ್ನು ಕಚ್ಚಿಕೊಂಡದ್ದು ಇವತ್ತಿಗೂ ಬಿಟ್ಟಿಲ್ಲ. ನಲವತ್ತೊಂದನೆಯದರ ಮೇಲೆ ಕಾಲಿಟ್ಟ ಇರುವೆ ಮರುದಿನದವರೆಗೂ ಜಾರುತ್ತಲೇ ಇತ್ತು. ಬೆಲೆ, ಪೇಟೆಯ ಗ್ರೀಸಿನ ಹತ್ತರಲ್ಲೊಂದು ಪಾಲು.

ಆ ತಿರುವಿಗೆ ಹಚ್ಚಿ ನೋಡಲು ದೊಡ್ಡ ಇಂಜಿನಿಯರು ಒಂದು ತಿಂಗಳು ಕೊಟ್ಟರು. "ಸವೆತ ಅರ್ಧಕ್ಕಿಳಿದ್ರೆ ಎಲ್ಲಾ ತಿರುವಿಗೂ ನಿಮ್ಮದೇ. ಇಲ್ಲಾಂದ್ರೆ ಒಲೆ ಆರಿಸಿಬಿಡಿ."

ಹದಿನೈದನೆಯ ದಿನ ಅಳೆದರೆ ಸವೆತ ಮೊದಲಿಗಿಂತ ಇಮ್ಮಡಿ. ಇಂಜಿನಿಯರು ಕನ್ನಡಕ ಒರೆಸಿಕೊಂಡರು. ಜಿಡ್ಡಕ್ಕ ಹಳಿಯಿಂದ ಒಂದು ಚಿಟಿಕೆ ಜಿಡ್ಡು ತೆಗೆದು ಬೆರಳಲ್ಲಿ ತಿಕ್ಕಿದಳು. ಧೂಳಿನ ಕಣದ ತಾತ ಮುತ್ತಾತನ ಹೆಸರು ಹೇಳಬಲ್ಲ ಬೆರಳುಗಳು ಅವು. ಕರಕರ ಅಂದಿತು. ಮರಳು.

ಏರಿನಲ್ಲಿ ಗಾಲಿ ಜಾರೀತೆಂದು ಹೆದರಿದ ಡ್ರೈವರು ಇಂಜಿನ್ನಿನ ಪೆಟ್ಟಿಗೆಯಿಂದ ಹಳಿಗೆ ಮರಳು ಬಿಡುತ್ತಾನೆ. ಆದರೆ ಜಿಡ್ಡಿಗೆ ಮರಳು ಬೆರೆತರೆ ಅದು ಮುಲಾಮಲ್ಲ, ಸಾಣೆಕಲ್ಲು. ನೇರವಾಗಿ ಡ್ರೈವರುಗಳ ಕೋಣೆಗೆ ನುಗ್ಗಿದಳು. ಅವಳ ಸ್ವಂತ ಅಣ್ಣನೇ ಅಲ್ಲಿಯ ಹಿರಿಯ ಡ್ರೈವರು.

"ಅಣ್ಣಾ, ತಿರುವಲ್ಲಿ ಮರಳು ಬಿಡ್ತಿರೋರು ಯಾರು?"

"ನಾನೇ. ನನ್ನ ನೋಡಿ ಎಲ್ರೂ. ನೀನು ದಾರಿಗೆ ಬೆಣ್ಣೆ ಸವರ್ತೀಯ, ನನ್ನ ಬೆನ್ನ ಹಿಂದೆ ಎರಡು ಸಾವಿರ ಟನ್ ಇರುತ್ತೆ. ಹಿಂದಕ್ಕೆ ಜಾರಿದ್ರೆ ನೀನು ಬಂದು ತಳ್ತೀಯೇನೇ?"

"ಗಾಲಿ ಓಡೋದು ಹಳಿ ನೆತ್ತಿ ಮೇಲೆ. ನಾನು ಹಚ್ಚಿರೋದು ಕೆನ್ನೆಗೆ."

"ನೀನು ಹಚ್ಚಿದ್ದು ಇದ್ದಲ್ಲೇ ಇರುತ್ತಾ? ಚಿಕ್ಕವಳಿದ್ದಾಗ ನೀನು ತಲೆಗೆ ಎಣ್ಣೆ ಹಚ್ಕೊಂಡ್ರೆ ಮನೆ ಗೋಡೆಯೆಲ್ಲಾ ಮಿಂಚ್ತಿತ್ತು."

ಡ್ರೈವರುಗಳು ನಕ್ಕ ರಭಸಕ್ಕೆ ಸೂರಿನ ತಗಡು ಒಂದು ಗೇಣು ಮೇಲೆದ್ದಿತು. ಜಿಡ್ಡಕ್ಕ ಅಣ್ಣನ ರಟ್ಟೆ ಹಿಡಿದು ತಿರುವಿಗೆ ಎಳೆದೊಯ್ದಳು. ಅವನ ಹೆಗಲ ಬಿಳಿ ಟವಲು ಕಸಿದು, ಮುನ್ನೂರು ಹೆಜ್ಜೆ ಬಗ್ಗಿಕೊಂಡೇ ಹಳಿಯ ನೆತ್ತಿಯನ್ನು ಒರೆಸಿದಳು.

"ತಗೋ, ಮುಖ ಒರೆಸ್ಕೋ. ಒಂದು ಹನಿ ಜಿಡ್ಡು ಹತ್ತಿದ್ರೆ ಇವತ್ತೇ ಒಲೆ ಆರಿಸ್ತೀನಿ."

ಅವನು ಮೂಸಿದ, ಒರೆಸಿಕೊಂಡ, ಕೆನ್ನೆ ಸವರಿ ನೋಡಿಕೊಂಡ. ಬರೀ ಧೂಳು.

"ಹಳೇದನ್ನ ಕೆರೆದು ಹೊಸದಾಗಿ ಹಚ್ಚು. ನಾಳೆ ಗಾಡೀಲಿ ನೀನೂ ಬಾ. ಜಾರಿದ್ರೆ ಇಬ್ರೂ ಜಾರೋಣ."

ಮರುದಿನ ಏರು ಬಂದಾಗ ಅವನ ಕೈ ಅಭ್ಯಾಸಬಲದಿಂದ ಮರಳಿನ ಹಿಡಿಗೆ ಹೋಯಿತು. ಅವನು ಆ ಕೈಯನ್ನು ತೊಡೆಯಡಿಗೆ ಹಾಕಿ ಅದರ ಮೇಲೇ ಕುಳಿತ. ಜಿಡ್ಡಕ್ಕ ಕಿಟಕಿಯಿಂದ ಬಗ್ಗಿ ಗಾಲಿ ನೋಡಿದಳು. ಗಾಡಿ ಉಂಡ ಬೆಕ್ಕಿನಂತೆ ಸದ್ದಿಲ್ಲದೆ ತಿರುಗಿ ಏರಿತು.

ಅಂದಿನಿಂದ ಯಾವ ಡ್ರೈವರೂ ಅಲ್ಲಿ ಮರಳು ಬಿಡಲಿಲ್ಲ. ಹದಿನೈದು ದಿನ ಕಳೆದ ಮೇಲೆ ಇಂಜಿನಿಯರು ಮೂರು ಸಲ ಅಳೆದರು, ಮಾಪಕವನ್ನೇ ಬದಲಿಸಿ ನಾಲ್ಕನೆಯ ಸಲ ಅಳೆದರು. ಹೊಸ ಸವೆತ ಮುಲಾಮು ಹಚ್ಚುವ ಮೊದಲಿದ್ದುದರ ಮೂರರಲ್ಲೊಂದು ಪಾಲೂ ಇರಲಿಲ್ಲ.

"ಇನ್ನೂ ಇಪ್ಪತ್ತಾರು ತಿರುವಿದೆಯಮ್ಮ. ಎಷ್ಟು ದಿನ ಬೇಕು?"

ಜಿಡ್ಡಕ್ಕ ಬಾಯಿ ತೆರೆಯುವ ಮೊದಲೇ ಅಣ್ಣ ಮುಂದೆ ಬಂದ. "ಅದಿರ್ಲಿ ಸಾರ್, ಮೊದಲು ನಮ್ಮ ತಂಗಿಗೊಂದು ದೊಡ್ಡ ಹಂಡೆ ಕೊಡಿಸಿ."