ಕಮಟು ಹಿಡಿದ ಪುರಾವೆ

ತಲೆಗೂದಲಿಗೆ ಕಮಟು ಎಣ್ಣೆಯ ವಾಸನೆ ಅಂಟಿಕೊಂಡಿದೆಯೇನೋ ಅಂತ ನನಗೊಂದು ಚಿಂತೆ. ಯಾರಿಗೂ ಹೇಳಿಲ್ಲ, ಬಸ್ಸಿನಲ್ಲಿ ಕಿಟಕಿ ಪಕ್ಕವೇ ಕೂರುತ್ತೇನೆ. ನನ್ನ ಕೆಲಸವೇ ಅಂಥದ್ದು: ಸತ್ತ ನಾಯಿಗಳ ಮಿದುಳಿನ ಕೊಬ್ಬು ಎಷ್ಟು ಹಳಸಿದೆ ಅಂತ ಅಳೆಯುವುದು.

ಒಂದು ತಳಿಯ ಬೇಟೆನಾಯಿಗಳಿಗೆ ಅಪ್ಪ ಅಮ್ಮನಿಂದ ಇಳಿದು ಬರುವ ಕಾಯಿಲೆಯಿದು. ಮಿದುಳಿನ ಕೋಶಗಳು ತಮ್ಮ ಕಸವನ್ನು ಹೊರಹಾಕಲಾರದೆ ಒಳಗೇ ಪೇರಿಸಿಕೊಳ್ಳುತ್ತವೆ. ವರ್ಷ ದಾಟುತ್ತಿದ್ದಂತೆ ಕಣ್ಣು ಮಂಜು, ಆಮೇಲೆ ಕಾಲು ತೊಡರು, ಮೂರು ತುಂಬುವ ಮೊದಲೇ ಸಾವು. ಆಮ್ಲಜನಕ ತಾಗಿ ಕೊಬ್ಬು ಹಳಸುವುದೇ ಇದಕ್ಕೆಲ್ಲ ಮೂಲ ಎಂಬುದು ನಮ್ಮ ಲ್ಯಾಬಿನ ಸರ್ ಕಂಡುಕೊಂಡ ಸತ್ಯ. ಸತ್ಯ ಮೊದಲೇ ಸಿಕ್ಕಿತ್ತು, ಪರೀಕ್ಷೆ ಆಮೇಲೆ ಮಾಡಿಸಿದರು. ತೀರ್ಪು ಬರೆದಿಟ್ಟು ಸಾಕ್ಷಿ ಕರೆದ ಹಾಗೆ.

ಹಳಸಿದ ಕೊಬ್ಬಿಗೆ ಒಂದು ಆಮ್ಲ ಬೆರೆಸಿ ಕುದಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಕಾಯಿಲೆ ನಾಯಿಗಳ ಕೊಳವೆಗಳು ಗಾಢ ಗುಲಾಬಿ. ಗಟ್ಟಿಮುಟ್ಟಾದ ನಾಯಿಗಳದ್ದು ಬರೀ ನೀರಿನ ಬಣ್ಣ. ಸರ್ ಮುಖ ಊರಗಲವಾಯಿತು. ನಾನು ಮಿದುಳಿನ ಡಬ್ಬಿಗಳ ಚೀಟಿ ಓದಿದೆ. ಕಾಯಿಲೆಯವು ಹಳೆ ಫ್ರೀಜರಿನಲ್ಲಿ ಆರು ವರ್ಷ ಬಿದ್ದು, ಕರೆಂಟ್ ಹೋದಾಗಲೆಲ್ಲ ಕರಗಿ ಮತ್ತೆ ಗಟ್ಟಿಯಾದವು. ಇನ್ನೊಂದು ಗುಂಪು ಹೋದ ವಾರದ್ದು. ಅಷ್ಟು ಸಲ ಕರಗಿದರೆ ಯಾವ ಮಿದುಳಾದರೂ ಕಮಟು ಹಿಡಿಯುತ್ತದೆ. ಇದನ್ನು ಡೈರಿಗೆ ಹೇಳಿದೆ, ಮೂರು ಪುಟ. ವೀರಾಧಿವೀರೆ ನಾನು.

ಇವತ್ತು ನಾಯಿಮರಿ ಮಾರುವಾತ ಬಂದಿದ್ದ. ಅವನ ನಾಯಿಜೋಡಿಗೆ ಹುಟ್ಟಿದ ಎಂಟು ಮರಿಗಳಲ್ಲಿ ಎರಡು ಕುರುಡಾಗಿ ಸತ್ತಿವೆ.

"ಯೋಚನೇನೇ ಬೇಡ," ಅಂದರು ಸರ್, ಗುಲಾಬಿ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು. "ಕೊಬ್ಬು ಹಳಸದ ಹಾಗೆ ಈ ವಿಟಮಿನ್ ಮಾತ್ರೆ ಹಾಕಿ. ಬಣ್ಣವೇ ಹೇಳ್ತಿದೆಯಲ್ರೀ!"

"ಹಾಗಾದ್ರೆ ಅದೇ ಜೋಡಿನ ಮತ್ತೆ ಕೂಡಿಸಬಹುದಾ ಸರ್? ಹೆಣ್ಣು ಬೆದೆಗೆ ಬಂದಿದೆ."

"ಧಾರಾಳವಾಗಿ!"

ಧಾರಾಳವೇ ಸರಿ, ಮಂಜಾಗುವುದು ಇವರ ಕಣ್ಣಲ್ಲವಲ್ಲ.

"ಏನಮ್ಮಾ ಮೂಕಬಸವ," ಸರ್ ನನ್ನತ್ತ ತಿರುಗಿದರು. "ಅಳೆದವಳು ನೀನೇ ತಾನೇ? ಇವರಿಗೊಂದು ಹೂಂ ಅಂದುಬಿಡು, ಮನೆಗೆ ಹೋಗಲಿ."

ಎರಡು ವರ್ಷದಿಂದ ಹೂಂ ಅನ್ನುವುದಕ್ಕೇ ನನಗೆ ಸಂಬಳ. ಆತ ಆಗಲೇ ಮಾತ್ರೆಯ ಡಬ್ಬಿ ಜೇಬಿಗಿಳಿಸಿ, ಗೆಲುವಾಗಿ ನನ್ನ ಬಾಯನ್ನೇ ನೋಡುತ್ತಿದ್ದ. ನಾನು ಅವನತ್ತ ತಿರುಗಿದೆ.

"ಅಣ್ಣಾ, ಈ ಬಣ್ಣ ಕಾಯಿಲೆದಲ್ಲ, ನಮ್ಮ ಹಳೆ ಫ್ರೀಜರಿಂದು. ಆ ಜೋಡಿನ ಕೂಡಿಸಬೇಡಿ."